ಎಷ್ಟು ಹೊತ್ತು ಬಂದಿತ್ತು? ಜ್ವರದ ಫಿಟ್ಸ್‌ನ ಒಂದು ಪ್ರಕರಣ

ತಾಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದ್ದು ಇಷ್ಟೇ: "ಫಿಟ್ಸ್ ಎಷ್ಟು ಹೊತ್ತು ಬಂದಿತ್ತು?"

ನಾನು ಇಪ್ಪತ್ತು ನಿಮಿಷ ಅಂದೆ. ನನ್ನ ಹೆಂಡತಿ ಅರ್ಧ ಗಂಟೆ ಅಂದಳು. ಅಮ್ಮ, "ಬಾಳ ಹೊತ್ತು ಕಣಪ್ಪ, ಮಗೀನ ಜೀವ ಹೋಗಿ ಬಂದಂಗಾಯ್ತು" ಅಂದರು. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೆ ಮೂವರ ಲೆಕ್ಕವೂ ತಪ್ಪಾಗಿತ್ತು. ನಿಜವಾಗಿ ಬಂದಿದ್ದು ಹೆಚ್ಚೆಂದರೆ ನಾಲ್ಕು ನಿಮಿಷ.

ಆ ನಾಲ್ಕು ನಿಮಿಷಗಳನ್ನು ನಾನು ಆಮೇಲೆ ಫೋನಿನಿಂದ ಹುಡುಕಿ ಜೋಡಿಸಿದೆ. ಅದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಅವತ್ತು ನಾವು ಮಾಡಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು ಎನ್ನುವುದು ಹೊತ್ತಿನ ಲೆಕ್ಕ ಸಿಕ್ಕ ಮೇಲೆಯೇ ನನಗೆ ಗೊತ್ತಾಗಿದ್ದು.

ಮನೆ, ಮಗು, ಆ ದಿನ

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತಾಲೂಕು ಆಸ್ಪತ್ರೆ 14 ಕಿಲೋಮೀಟರ್ ದೂರ. ನಾನು ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಮಗ. ಮಗನಿಗೆ ಆಗ 1 ವರ್ಷ 5 ತಿಂಗಳು, ತೂಕ 10 ಕಿಲೋ. ಹುಟ್ಟಿದಾಗಿನಿಂದ ಶೀತ, ಭೇದಿ ಬಿಟ್ಟರೆ ದೊಡ್ಡ ಕಾಯಿಲೆ ಕಂಡವನಲ್ಲ. ಲಸಿಕೆಗಳೆಲ್ಲ ಹೊತ್ತಿಗೆ ಸರಿಯಾಗಿ ಆಗಿದ್ದವು.

ಅವತ್ತು ಬೆಳಿಗ್ಗೆ ಚೆನ್ನಾಗೇ ಇದ್ದ. ಮಧ್ಯಾಹ್ನ ಊಟ ಬೇಡ ಅಂದ. ಸಂಜೆ ಅಮ್ಮನ ಸೊಂಟದಿಂದ ಕೆಳಗಿಳಿಯಲಿಲ್ಲ. ಹಲ್ಲು ಬರುತ್ತಿರಬೇಕು ಅಂದುಕೊಂಡೆವು. ರಾತ್ರಿ ಒಂಬತ್ತರ ಹೊತ್ತಿಗೆ ಮೈ ಬಿಸಿಯಾಯಿತು. ಮನೆಯಲ್ಲಿ ಥರ್ಮಾಮೀಟರ್ ಇತ್ತು, ಆದರೆ ಅದರ ಸೆಲ್ ಹೋಗಿತ್ತು. ಹೆಂಡತಿ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದಳು, ಅರ್ಧ ಉಗಿದ. ಅವಳು ತನ್ನ ಅಕ್ಕನಿಗೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು: "ಅಕ್ಕಾ, ಪುಟ್ಟಂಗೆ ಮೈ ಸುಡ್ತಿದೆ ಕಣೇ, ಒದ್ದೆ ಬಟ್ಟೆ ಹಾಕ್ಲಾ?" ಆ ಮೆಸೇಜಿನ ಹಿಂದೆ ಮಗು ಕುಂಯ್ ಕುಂಯ್ ಅನ್ನುವುದು ಕೇಳುತ್ತದೆ. ಹೋದ ಹೊತ್ತು 9.40. ನಮ್ಮ ಲೆಕ್ಕದ ಮೊದಲ ಗೂಟ ಅದು. ಆ ಹೊತ್ತಿನವರೆಗೂ ಅವನಿಗೆ ಏನೂ ಆಗಿರಲಿಲ್ಲ.

ಅವಳು ಫೋನ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಬಂದು ನೋಡಿದರೆ ಮಗುವಿನ ಕಣ್ಣುಗುಡ್ಡೆ ಮೇಲೇರಿತ್ತು. ಕೈಕಾಲು ಸೆಟೆದಿದ್ದವು. ಹಲ್ಲು ಕಚ್ಚಿಕೊಂಡಿತ್ತು. ಅವಳು ಕಿರುಚಿದ್ದು ನನಗೆ ಅಂಗಳದಲ್ಲಿ ಕೇಳಿಸಿತು. ನಾನು ಒಳಗೆ ಬರುವಷ್ಟರಲ್ಲಿ ಕೈಕಾಲು ಅದರುತ್ತಿದ್ದವು. ತುಟಿ ನೀಲಿಯಾಗಿತ್ತು. ಬಾಯಲ್ಲಿ ನೊರೆ ಬರುತ್ತಿತ್ತು.

ಮಗು ಹೋಯಿತು ಅಂದುಕೊಂಡೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ಆಮೇಲೆ ಡಾಕ್ಟರ್ ಹೇಳಿದರು, ಮೊದಲ ಸಲ ನೋಡುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಹಾಗೇ ಅಂದುಕೊಳ್ಳುತ್ತಾರಂತೆ. ಸೆಟೆದುಕೊಂಡಾಗ ಎದೆಯ ಮಾಂಸಖಂಡವೂ ಬಿಗಿಯುತ್ತದೆ, ಉಸಿರು ಸ್ವಲ್ಪ ಹೊತ್ತು ಸರಿಯಾಗಿ ಆಡುವುದಿಲ್ಲ, ಅದಕ್ಕೆ ತುಟಿ ನೀಲಿಯಾಗುತ್ತದೆ. ಅದನ್ನು ಯಾರಾದರೂ ನಮಗೆ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನಾವು ಮಾಡಿದ್ದು

ಹೆಂಡತಿ ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡು ಅಲುಗಾಡಿಸಿದಳು. ಅಮ್ಮ ಅಡುಗೆಮನೆಗೆ ಓಡಿ ಈರುಳ್ಳಿ ಒಡೆದು ತಂದು ಮೂಗಿಗೆ ಹಿಡಿದರು. ನಾನು ಚಮಚದ ಹಿಡಿಯನ್ನು ಮಗುವಿನ ಬಾಯಿಗೆ ತುರುಕಿದೆ. ನಾಲಿಗೆ ಕಚ್ಚಿಕೊಳ್ಳಬಾರದು ಅಂತ. ನಾಲಿಗೆ ಒಳಗೆ ಹೋಗಿ ಗಂಟಲು ಮುಚ್ಚುತ್ತದೆ ಅಂತ ಯಾರೋ ಎಂದೋ ಹೇಳಿದ್ದು ತಲೆಯಲ್ಲಿತ್ತು. ಹಲ್ಲು ಬಿಗಿದಿತ್ತು. ನಾನು ಒತ್ತಿದೆ. ಕೆಳಗಿನ ವಸಡು ಹರಿದು ರಕ್ತ ಬಂತು. ನೊರೆ ಕೆಂಪಾಗಿದ್ದು ನೋಡಿ ಎಲ್ಲರೂ ಇನ್ನೂ ಹೆದರಿದರು. ಆ ರಕ್ತ ಫಿಟ್ಸ್‌ನಿಂದ ಬಂದಿದ್ದಲ್ಲ, ನನ್ನ ಚಮಚದಿಂದ ಬಂದಿದ್ದು.

9.42ಕ್ಕೆ ಪಕ್ಕದ ಮನೆಯಣ್ಣನಿಗೆ ಫೋನ್ ಮಾಡಿದೆ. ಅವರ ಹತ್ತಿರ ಓಮ್ನಿ ಇದೆ. ಕಾಲ್ ಲಿಸ್ಟಿನಲ್ಲಿ ಆ ಕರೆ 11 ಸೆಕೆಂಡ್. ಅಣ್ಣ ವ್ಯಾನಿನ ಬೀಗದ ಕೈ ಗೊಂಚಲು ಹಿಡಿದುಕೊಂಡೇ ಓಡಿ ಬಂದರು. 9.43ಕ್ಕೆ 108ಕ್ಕೆ ಮಾಡಿದೆ. ನನ್ನ ಫೋನಿನಲ್ಲಿ ಕರೆ ತಾನಾಗೇ ರೆಕಾರ್ಡ್ ಆಗುತ್ತದೆ. ಹಾಗಾಗಿ ಆ ಕರೆ ನನ್ನ ಹತ್ತಿರ ಇದೆ.

ಎರಡು ದಿನ ಆದ ಮೇಲೆ, ಮಗು ಮನೆಗೆ ಬಂದು ಮಲಗಿದ್ದಾಗ, ಹಿತ್ತಲಿಗೆ ಹೋಗಿ ಅದನ್ನು ಕೇಳಿದೆ. ಆ ಕಡೆಯ ಹೆಣ್ಣುಮಗಳು ಒಂದೇ ಸಮನೆ, ಮೆಲ್ಲಗೆ ಕೇಳುತ್ತಿದ್ದಾರೆ: "ಸರ್, ಮಗು ಉಸಿರಾಡ್ತಿದೆಯಾ ನೋಡಿ." ನಾನು ಊರಿನ ಹೆಸರು ಹೇಳುತ್ತಿದ್ದೇನೆ. ಮತ್ತೆ ಕೇಳುತ್ತಾರೆ. ನಾನು "ಬೇಗ ಕಳ್ಸಿ, ಬೇಗ ಕಳ್ಸಿ" ಅನ್ನುತ್ತೇನೆ. ಮೂರನೇ ಸಲ ಅವರು, "ಸರ್, ಮಗೂನ ಕೆಳಗೆ ಮಲಗಿಸಿ, ಒಂದು ಪಕ್ಕಕ್ಕೆ ತಿರುಗಿಸಿ, ಬಾಯಿಗೆ ಏನೂ ಹಾಕ್ಬೇಡಿ" ಅನ್ನುತ್ತಾರೆ. ಅದು ನನಗೆ ಕೇಳಿಸಿದ ನೆನಪೇ ಇಲ್ಲ. ರೆಕಾರ್ಡಿಂಗ್ ಇಲ್ಲದಿದ್ದರೆ, ಅವರು ಸುಮ್ನೆ ವಿಳಾಸ ಕೇಳುತ್ತಾ ಕೂತಿದ್ದರು ಅಂತಲೇ ನಾನು ಇವತ್ತಿಗೂ ಹೇಳುತ್ತಿದ್ದೆ.

ಆ ಕರೆಯಲ್ಲಿ ಒಂದೂವರೆ ನಿಮಿಷದ ಹತ್ತಿರ ಅಮ್ಮನ ದನಿ ಬರುತ್ತದೆ: "ಕಬ್ಬಿಣ ಕೊಡ್ರೋ ಕೈಗೆ!" ಬೀಗದ ಕೈ ಗಲ್ ಅನ್ನುವ ಸದ್ದು. ಆಮೇಲೆ 20 ಸೆಕೆಂಡ್ ಗಲಾಟೆ. ಆಮೇಲೆ ಮಗುವಿನ ಅಳು. ಸಣ್ಣಗೆ, ಎಳೆದ ದನಿ. ಅಲ್ಲಿಗೆ ಫಿಟ್ಸ್ ನಿಂತಿತ್ತು. ಗಂಟೆ 9.45.

9.40ಕ್ಕೆ ಮೆಸೇಜ್ ಹೋದಾಗ ಸರಿಯಾಗಿದ್ದ. ಬಚ್ಚಲಿಗೆ ಹೋಗಿ ಬರಲು ಒಂದು ನಿಮಿಷ. 9.45ಕ್ಕೆ ಅತ್ತ. ನಡುವೆ ಇದ್ದದ್ದು ನಾಲ್ಕು ನಿಮಿಷ.

ಬೀಗದ ಕೈ ಕೊಟ್ಟು 20 ಸೆಕೆಂಡಿಗೆ ಮಗು ಅತ್ತಿದ್ದರಿಂದ ಪಕ್ಕದ ಮನೆಯಣ್ಣ ಇವತ್ತಿಗೂ ಅದೇ ಕೆಲಸ ಮಾಡಿತು ಅಂತ ನಂಬಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ, ಓಡಿ ಬಂದವರು ಅವರು. ಆದರೆ ಇದರ ಒಳಗುಟ್ಟು ತಿಳಿದುಕೊಳ್ಳಬೇಕು. ಜ್ವರದ ಫಿಟ್ಸ್ ಹೆಚ್ಚಿನ ಮಕ್ಕಳಲ್ಲಿ ಕೆಲವೇ ನಿಮಿಷಕ್ಕೆ ತಾನಾಗೇ ನಿಲ್ಲುತ್ತದೆ. ಈರುಳ್ಳಿ ಹುಡುಕಿ, ಚಮಚ ತಂದು, ಕಬ್ಬಿಣ ಕೊಡುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಕೊನೆಗೆ ಯಾವುದನ್ನು ಮಾಡಿದೆವೋ ಅದಕ್ಕೆ ಹೆಸರು ಬರುತ್ತದೆ. ಕೆಲವು ಮನೆಗಳಲ್ಲಿ ಚಪ್ಪಲಿ ಮೂಸಿಸುತ್ತಾರೆ, ಅಲ್ಲಿ ಚಪ್ಪಲಿಗೆ ಹೆಸರು. ಕಬ್ಬಿಣ ಕೈಯಲ್ಲಿದ್ದರೆ ದೊಡ್ಡ ಅಪಾಯವಿಲ್ಲ. ಅಪಾಯ ಇರುವುದು ಬಾಯಿಗೆ ಹಾಕುವುದರಲ್ಲಿ. ನಾಲಿಗೆಯನ್ನು ಯಾರೂ ನುಂಗುವುದಕ್ಕೆ ಆಗುವುದಿಲ್ಲ. ಚಮಚದಿಂದ ಹಲ್ಲು ಮುರಿದು ಗಂಟಲಿಗೆ ಹೋಗಬಹುದು. ನೀರು, ಔಷಧ ಹಾಕಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ತಲೆ ಮೇಲೆ ಬಿಂದಿಗೆ ನೀರು ಸುರಿಯುವವರೂ ಇದ್ದಾರೆ, ಅದೂ ಬೇಡ.

ಅವತ್ತು ನಾವು ಮಾಡದೇ ಬಿಟ್ಟಿದ್ದು ಇನ್ನೊಂದು. ನಮ್ಮ ನಡುಮನೆಯಲ್ಲಿ, ಮಗುವಿನ ತಲೆಯ ಮೇಲೇ, ಗಡಿಯಾರ ಇತ್ತು. ಯಾರೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ

ಫಿಟ್ಸ್ ನಿಂತ ಮೇಲೆ ಮಗು ನಿದ್ದೆಗೆ ಜಾರಿತು. ಕೂಗಿದರೆ ಏಳಲಿಲ್ಲ. ಅದು ಇನ್ನೊಂದು ಭಯ. ಓಮ್ನಿಯಲ್ಲಿ ಹೊರಡೋಣವಾ, ಆಂಬುಲೆನ್ಸ್ ಕಾಯೋಣವಾ ಅಂತ ಐದು ನಿಮಿಷ ಒದ್ದಾಡಿದೆವು. ಅಷ್ಟರಲ್ಲಿ ಆಂಬುಲೆನ್ಸ್‌ನವರೇ ಫೋನ್ ಮಾಡಿ ದಾರಿಯಲ್ಲಿದ್ದೇವೆ ಅಂದರು. ಕಾದೆವು. 10.04ಕ್ಕೆ ಬಂತು. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ನಮ್ಮಂಥ ಹಳ್ಳಿಯಲ್ಲಿ ರಾತ್ರಿ ಹೊತ್ತು ಮಗುವಿಗೆ ಹೀಗಾದರೆ ಯಾರದಾದರೂ ಟ್ರ್ಯಾಕ್ಟರೋ ಬೈಕೋ ಗತಿ. ಒಳಗಿದ್ದ ತರಬೇತಾದ ಹುಡುಗ ಮಗುವನ್ನು ಎಡಪಕ್ಕಕ್ಕೆ ಮಲಗಿಸಿದ, ಬಾಯಿಯ ಜೊಲ್ಲು ಒರೆಸಿದ, ಬೆರಳಿಗೆ ಕ್ಲಿಪ್ ಹಾಕಿದ, ಆಕ್ಸಿಜನ್ ಮಾಸ್ಕ್ ಹಿಡಿದ. ಜ್ವರ 102.8 ಡಿಗ್ರಿ ಇತ್ತು. "ನಿದ್ದೆ ಮಾಡ್ತಿದಾನೆ ಅಕ್ಕ, ಉಸಿರು ಚೆನ್ನಾಗಿದೆ, ಅಳಬೇಡಿ" ಅಂತ ಹೆಂಡತಿಗೆ ದಾರಿಯುದ್ದಕ್ಕೂ ಹೇಳುತ್ತಾ ಬಂದ.

ಡ್ಯೂಟಿ ಡಾಕ್ಟರ್ ಬೆರಳು ಚುಚ್ಚಿ ಮೊದಲು ಸಕ್ಕರೆ ನೋಡಿದರು. ರಕ್ತದಲ್ಲಿ ಸಕ್ಕರೆ ತೀರಾ ಕಡಿಮೆಯಾದರೂ ಫಿಟ್ಸ್ ಬರುತ್ತದೆ. ಅದು ಸರಿಯಿತ್ತು. ಕುತ್ತಿಗೆ ಬಗ್ಗಿಸಿ ನೋಡಿದರು, ಬಿಗಿತವಿರಲಿಲ್ಲ. ನೆತ್ತಿ ಮುಟ್ಟಿ ನೋಡಿದರು, ಕಿವಿ ಗಂಟಲು ನೋಡಿದರು, ಮೈಮೇಲೆ ಗುಳ್ಳೆ ಇದೆಯಾ ನೋಡಿದರು. ಆಮೇಲೆ ತಾಯಿ ಕಾರ್ಡ್ ಕೇಳಿದರು. ಹೆಂಡತಿ ಅಷ್ಟು ಗಾಬರಿಯಲ್ಲೂ ಅದನ್ನು ಬ್ಯಾಗಿಗೆ ಹಾಕಿದ್ದಳು. ಪೆಂಟಾವೇಲೆಂಟ್ ಮೂರೂ ಆಗಿದೆ, ನ್ಯುಮೋನಿಯಾ ಲಸಿಕೆ ಆಗಿದೆ ಅಂತ ನೋಡಿ ತಲೆಯಾಡಿಸಿದರು. ಮೆದುಳು ಜ್ವರ ತರುವ ಕೆಲವು ಬ್ಯಾಕ್ಟೀರಿಯಾಗಳಿಗೆ ಆ ಲಸಿಕೆಗಳು ತಡೆ. ಲಸಿಕೆ ಆಗದ ಚಿಕ್ಕ ಕೂಸಾಗಿದ್ದರೆ, ಕುತ್ತಿಗೆ ಬಿಗಿಯಿದ್ದರೆ, ಎಚ್ಚರವೇ ಆಗದಿದ್ದರೆ ಬೆನ್ನುಹುರಿ ನೀರಿನ ಪರೀಕ್ಷೆಯ ಮಾತು ಬರುತ್ತಿತ್ತು.

ಆಗ ಕೇಳಿದ್ದು ಆ ಪ್ರಶ್ನೆ. ಎಷ್ಟು ಹೊತ್ತು?

ಅರ್ಧ ಗಂಟೆ ಅಂತ ಕೇಳಿದ ತಕ್ಷಣ ಅವರ ಮುಖ ಬದಲಾಯಿತು. "ಅರ್ಧ ಗಂಟೆ ಅಂದ್ರೆ ನಾನು ಇಲ್ಲಿ ಇಟ್ಕೊಳ್ಳಕ್ಕಾಗಲ್ಲ ಮೇಷ್ಟ್ರೇ" ಅಂದರು. ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಯಲು ಶುರುಮಾಡಿದರು. ಅರ್ಧ ಬರೆದವರು ಪೆನ್ ನಿಲ್ಲಿಸಿ, ನನ್ನನ್ನು ನೋಡಿ, "108ಕ್ಕೆ ಎಷ್ಟೊತ್ತಿಗೆ ಫೋನ್ ಮಾಡಿದ್ರಿ? ಫೋನ್ ತೆಗೀರಿ" ಅಂದರು. ನಾನು ತೆಗೆದೆ. ಹೆಂಡತಿ ತನ್ನದನ್ನೂ ತೆಗೆದಳು. ಮೂರು ಹೊತ್ತುಗಳನ್ನು ಅವರು ಚೀಟಿಯ ಹಿಂದೆ ಬರೆದುಕೊಂಡರು. "ಮಗು ಅತ್ತಾಗ ನೀವು ಫೋನಲ್ಲಿ ಮಾತಾಡ್ತಿದ್ರಾ?" ಹೌದು ಅಂದೆ. ಚೀಟಿ ಹರಿದು ಹಾಕಿದರು. ಆ ಡಾಕ್ಟರಿಗೆ ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ. ಅವರ ಆ ಒಂದು ಪ್ರಶ್ನೆಗೆ ನಾನು ಯಾವತ್ತೂ ಋಣಿ.

ಹೊತ್ತು ಯಾಕೆ ಅಷ್ಟು ಮುಖ್ಯ ಅಂತ ಅವರು ಆಮೇಲೆ ಕೂರಿಸಿ ಹೇಳಿದರು. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಒಂದು ಸಲವಾದರೂ ಫಿಟ್ಸ್ ಬರುತ್ತದೆ. ಇಡೀ ಮೈಗೆ ಬಂದು, 15 ನಿಮಿಷದ ಒಳಗೆ ನಿಂತು, 24 ಗಂಟೆಯಲ್ಲಿ ಮತ್ತೆ ಬರದಿದ್ದರೆ ಅದನ್ನು ಸಾದಾ ಜ್ವರದ ಫಿಟ್ಸ್ ಅನ್ನುತ್ತಾರೆ. ಅದರಿಂದ ಮೆದುಳಿಗೆ ಪೆಟ್ಟಾಗುವುದಿಲ್ಲ. ಅದಕ್ಕೆ ಸ್ಕ್ಯಾನ್ ಬೇಡ, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಬೇಡ, ದಿನಾ ನುಂಗುವ ಫಿಟ್ಸ್ ಮಾತ್ರೆಯೂ ಬೇಡ. 15 ನಿಮಿಷ ದಾಟಿದರೆ, ಒಂದೇ ಕಡೆಯ ಕೈಕಾಲಿಗೆ ಬಂದರೆ, ಅದೇ ದಿನ ಮತ್ತೆ ಬಂದರೆ ಲೆಕ್ಕವೇ ಬೇರೆ. ಇದರ ನಡುವೆ ಇನ್ನೊಂದು ಗೆರೆ ಇದೆ, ಮನೆಯವರು ನೆನಪಿಡಬೇಕಾದ ಗೆರೆ ಅದು: ಐದು ನಿಮಿಷ. ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಔಷಧ ಕೊಟ್ಟು ನಿಲ್ಲಿಸಬೇಕಾಗುತ್ತದೆ.

ಅಂದರೆ ನಮ್ಮ ಬಾಯಿಂದ ಬಂದ "ಅರ್ಧ ಗಂಟೆ" ಮಗುವನ್ನು ಒಂದು ಕಾಯಿಲೆಯಿಂದ ಇನ್ನೊಂದಕ್ಕೆ ದಾಟಿಸಿತ್ತು. ಸರಿರಾತ್ರಿಯಲ್ಲಿ ದೊಡ್ಡಾಸ್ಪತ್ರೆ, ಸ್ಕ್ಯಾನ್, ಅದಕ್ಕೆ ಮಂಪರು ಬರಿಸುವುದು, ಆಮೇಲೆ ಎಷ್ಟು ವರ್ಷದ ಮಾತ್ರೆಯೋ.

10.50ರ ಸುಮಾರಿಗೆ ಮಗು ಕಣ್ಣು ಬಿಟ್ಟ. ಸುತ್ತ ನೋಡಿದ. ಅವರಮ್ಮನನ್ನು ಹುಡುಕಿ "ಮ್ಮ" ಅಂದ. ಎದೆಗೆ ಹಾಕಿಕೊಂಡರೆ ಹಾಲು ಕುಡಿದ. "ಇದಕ್ಕೇ ನಾನು ಕಾಯ್ತಿದ್ದೆ" ಅಂದರು ಡಾಕ್ಟರ್. ಫಿಟ್ಸ್ ಆದ ಮೇಲೆ ಒಂದು ಗಂಟೆಯಷ್ಟು ಹೊತ್ತು ಮಂಕಾಗಿರುವುದು ಸಹಜವಂತೆ. ಅದು ಮುಗಿದು ಮಗು ತನ್ನಂತಾನೇ ಆಗುವುದು ದೊಡ್ಡ ಗುರುತು. ರಾತ್ರಿ ಅಲ್ಲೇ ಇಟ್ಟುಕೊಂಡು ಮಾರನೇ ದಿನ ಸಂಜೆ ಕಳಿಸಿದರು.

ಯಾಕೆ ಬಂತು

ಅಮ್ಮನಿಗೆ ಅನುಮಾನ ಇಂಜೆಕ್ಷನ್ ಮೇಲೆ. ಮೂರು ವಾರದ ಹಿಂದೆ ಡಿಪಿಟಿ ಬೂಸ್ಟರ್ ಮತ್ತು ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಹಾಕಿಸಿದ್ದೆವು. ಮಕ್ಕಳ ಡಾಕ್ಟರ್ ಇದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಡಿಪಿಟಿಯಿಂದ ಜ್ವರ ಬಂದರೆ ಒಂದೆರಡು ದಿನದಲ್ಲೇ ಬರುತ್ತದೆ, ಎಂಆರ್‌ನಿಂದಾದರೆ ಒಂದರಿಂದ ಎರಡು ವಾರದ ಒಳಗೆ. ಮೂರು ವಾರದ ಮೇಲೆ ಬಂದ ಜ್ವರಕ್ಕೆ ಅದು ಕಾರಣವಲ್ಲ. ಅಮ್ಮ ಪೂರ್ತಿ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ಉತ್ತರ ನಾಲ್ಕನೇ ದಿನ ತಾನಾಗಿ ಸಿಕ್ಕಿತು. ಜ್ವರ ಪೂರ್ತಿ ಬಿಟ್ಟಿತು. ಬಿಟ್ಟ ಮೇಲೆ ಎದೆ, ಬೆನ್ನಿನ ತುಂಬಾ ತೆಳು ಗುಲಾಬಿ ಬಣ್ಣದ ದದ್ದು ಎದ್ದಿತು. ಫೋಟೋ ತೋರಿಸಿದಾಗ ಡಾಕ್ಟರ್ ರೋಸಿಯೋಲಾ ಅಂದರು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಬರುವ ಮಾಮೂಲಿ ವೈರಸ್ ಜ್ವರ. ಮೂರು ನಾಲ್ಕು ದಿನ ಜೋರು ಜ್ವರ, ಜ್ವರ ಇಳಿದ ಮೇಲೆ ದದ್ದು. ಜ್ವರದ ಫಿಟ್ಸ್‌ಗೆ ಇದು ಹೆಸರುವಾಸಿಯಂತೆ. ಎರಡು ದಿನಕ್ಕೆ ದದ್ದು ಮಾಯವಾಯಿತು.

ರಕ್ತ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಬಂತು. ಹಿಮೋಗ್ಲೋಬಿನ್ 9.4. ಕಬ್ಬಿಣದ ಅಂಶ ಕಡಿಮೆ. ಕಬ್ಬಿಣ ಕಡಿಮೆ ಇರುವ ಮಕ್ಕಳಲ್ಲಿ ಜ್ವರದ ಫಿಟ್ಸ್ ಸ್ವಲ್ಪ ಜಾಸ್ತಿ ಕಾಣುತ್ತದೆ ಅಂದರು. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಯಾಕೆಂದರೆ ಆಶಾ ಕಾರ್ಯಕರ್ತೆ ಕಬ್ಬಿಣದ ಸಿರಪ್ ತಂದುಕೊಟ್ಟು, ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಹಾಕಿ ಅಂತ ಹೇಳಿ ಹೋಗಿದ್ದರು. ಮಗು ಕಕ್ಕುತ್ತಾನೆ, ಹಲ್ಲು ಕಪ್ಪಾಗುತ್ತದೆ ಅಂತ ನಾವು ಅದನ್ನು ದೇವರ ಗೂಡಿನ ಪಕ್ಕ ಇಟ್ಟು ಮರೆತಿದ್ದೆವು. ಕೈಗೆ ಬೀಗದ ಕೈ ಕೊಟ್ಟ ಮನೆಯಲ್ಲಿ ಹೊಟ್ಟೆಗೆ ಹೋಗಬೇಕಾದ ಕಬ್ಬಿಣ ಗೂಡಿನಲ್ಲಿತ್ತು.

ಆಮೇಲಿನ ತಿಂಗಳುಗಳು

ಮಗು ಒಂದೇ ವಾರದಲ್ಲಿ ಮೊದಲಿನಂತಾದ. ನನ್ನ ಹೆಂಡತಿ ಆಗಲಿಲ್ಲ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅದಕ್ಕೆ ಇಲ್ಲಿ ಬರೆಯಲೇಬೇಕು.

ನೋಡಲು ಬಂದವರು ಒಬ್ಬರಾದ ಮೇಲೆ ಒಬ್ಬರು ಕೇಳಿದರು: "ಜ್ವರ ಬಂದಿದ್ದು ಗೊತ್ತಾಗ್ಲಿಲ್ವಾ?" "ಬೇಗ ಔಷಧಿ ಹಾಕಿದ್ರೆ ಬರ್ತಿರ್ಲಿಲ್ಲ ಅಲ್ವಾ?" ಕೇಳಿದ್ದು ಅವಳನ್ನೇ, ನನ್ನನ್ನಲ್ಲ. ಅವಳು ರಾತ್ರಿ ಮಗುವಿನ ಹಣೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದಳು. ಎರಡು ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ಇಡುತ್ತಿದ್ದಳು. ಮೈ ಸ್ವಲ್ಪ ಬೆಚ್ಚಗಾದರೂ ಪ್ಯಾರಾಸಿಟಮಾಲ್. ಒಂದು ಸಲ ಶೀತಕ್ಕೆ ಅಂತ ಮೆಡಿಕಲ್ ಸ್ಟೋರಿನಿಂದ ತಂದ ಸಿರಪ್ಪನ್ನೂ ಜೊತೆಗೆ ಕೊಟ್ಟಿದ್ದಳು. ಅದರ ಲೇಬಲ್ ಓದಿದರೆ ಅದರಲ್ಲೂ ಪ್ಯಾರಾಸಿಟಮಾಲ್ ಇತ್ತು. ಎರಡು ಬಾಟಲಿಯಿಂದ ಒಂದೇ ಔಷಧ ಎರಡು ಪಾಲು ಹೋಗಿತ್ತು.

ನಾನು ಅವಳನ್ನು ಕರೆದುಕೊಂಡು ಮತ್ತೆ ಆ ಮಕ್ಕಳ ಡಾಕ್ಟರ್ ಹತ್ತಿರ ಹೋದೆ. ಮಗುವನ್ನು ತೋರಿಸಲು ಅಲ್ಲ, ಅವಳ ಜೊತೆ ಮಾತಾಡಿಸಲು. ಅವರು ಅವಳಿಗೆ ಹೇಳಿದ ಮೊದಲ ಮಾತು: "ಔಷಧಿ ಬೇಗ ಹಾಕಿದ್ರೂ ಇದು ಬರ್ತಿತ್ತಮ್ಮ." ಪ್ಯಾರಾಸಿಟಮಾಲ್ ಮಗುವಿನ ಮೈಕೈ ನೋವು, ಸಂಕಟ ಕಡಿಮೆ ಮಾಡುತ್ತದೆ. ಫಿಟ್ಸ್ ತಡೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಎಷ್ಟೋ ಸಲ ಜ್ವರ ಇದೆ ಅಂತ ಗೊತ್ತಾಗುವುದೇ ಫಿಟ್ಸ್ ಬಂದ ಮೇಲೆ. ಅವಳು ಅಲ್ಲೇ ಅತ್ತಳು. ಅವತ್ತು ರಾತ್ರಿ ಮೊದಲ ಬಾರಿಗೆ ಪೂರ್ತಿ ನಿದ್ದೆ ಮಾಡಿದಳು.

ಡೋಸಿನ ವಿಷಯವನ್ನೂ ಅವರು ಕಾಗದದಲ್ಲಿ ಬರೆದು ತೋರಿಸಿದರು. ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 150. ಆದರೆ ಬಾಟಲಿಗಳು ಒಂದೇ ಥರ ಇರುವುದಿಲ್ಲ. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 6 ಎಂಎಲ್. 5 ಎಂಎಲ್‌ನಲ್ಲಿ 250 ಇದ್ದರೆ 3 ಎಂಎಲ್. ಒಂದು ಎಂಎಲ್‌ಗೆ 100 ಇರುವ ಡ್ರಾಪ್ಸ್ ಆದರೆ ಬರೀ ಒಂದೂವರೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಏನಾಗಬಹುದು ನೋಡಿ. ಒಂದು ಡೋಸಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಇರಬೇಕು. ಜ್ವರಕ್ಕೆ ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು.

ನೆಂಟರಲ್ಲಿ ಒಬ್ಬರು ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನಲ್ಲಿ ತೋರಿಸಿ, ಇಲ್ಲದಿದ್ದರೆ ಮುಂದೆ ಮೂರ್ಛೆ ರೋಗ ಆಗುತ್ತದೆ ಅಂದಿದ್ದರು. ಅದನ್ನೂ ಕೇಳಿದೆವು. ಯಾವುದೇ ಮಗುವಿಗೆ ಮುಂದೆ ಮೂರ್ಛೆ ರೋಗ ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಸಾದಾ ಜ್ವರದ ಫಿಟ್ಸ್ ಬಂದ ಮಗುವಿಗೆ ಅದು ಎರಡರ ಹತ್ತಿರ. ಜಾಸ್ತಿ ಹೌದು, ಆದರೆ ನೂರರಲ್ಲಿ ತೊಂಬತ್ತೆಂಟು ಮಕ್ಕಳು ಚೆನ್ನಾಗೇ ಇರುತ್ತಾರೆ. ಆದರೆ ಜ್ವರದ ಫಿಟ್ಸೇ ಮತ್ತೊಮ್ಮೆ ಬರುವ ಸಾಧ್ಯತೆ ಮೂವರಲ್ಲಿ ಒಬ್ಬರಿಗೆ ಇದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ ಅಂದರು. ನಮ್ಮ ಮನೆ ಆಸ್ಪತ್ರೆಗೆ ದೂರ ಅಂತ ಫಿಟ್ಸ್ ನಿಲ್ಲಿಸುವ ಮಿಡಜೊಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟರು. ಐದು ನಿಮಿಷ ದಾಟಿದರೆ ಮಾತ್ರ ಹಾಕಬೇಕು. ಎಷ್ಟು ಸಲ ಒತ್ತಬೇಕು ಅನ್ನುವುದು ಮಗುವಿನ ತೂಕ ಮತ್ತು ಬಾಟಲಿ ನೋಡಿ ಡಾಕ್ಟರೇ ಬರೆಯಬೇಕು. ಖಾಲಿ ಬಾಟಲಿಯಲ್ಲಿ ನಮ್ಮಿಬ್ಬರ ಕೈಯಲ್ಲೂ ಒತ್ತಿಸಿ ನೋಡಿದರು.

ಎರಡನೇ ಸಲ

ಬಂತು. ಆರು ತಿಂಗಳ ಮೇಲೆ, ಒಂದು ಸಂಜೆ. ಜ್ವರ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಚಾಪೆ ಮೇಲೆ ಆಡುತ್ತಿದ್ದವನು ಹಾಗೇ ಹಿಂದಕ್ಕೆ ವಾಲಿದ. ನಾನು ಮನೆಯಲ್ಲಿ ಇರಲಿಲ್ಲ.

ನಾನು ಬಂದಾಗ ಎಲ್ಲ ಮುಗಿದಿತ್ತು. ಹೆಂಡತಿ ಮಗುವನ್ನು ಚಾಪೆಯ ಮೇಲೇ ಎಡಪಕ್ಕಕ್ಕೆ ತಿರುಗಿಸಿದ್ದಳು. ತಲೆಯ ಹತ್ತಿರ ಇದ್ದ ಮಣೆಯನ್ನು ಆಚೆ ತಳ್ಳಿದ್ದಳು. ಅಂಗಿಯ ಗುಂಡಿ ಬಿಚ್ಚಿದ್ದಳು. ಕೈಕಾಲು ಹಿಡಿದಿರಲಿಲ್ಲ, ಬಾಯಿ ಮುಟ್ಟಿರಲಿಲ್ಲ. ಸ್ಪ್ರೇ ಕೈಯಲ್ಲಿ ಹಿಡಿದು ಕೂತಿದ್ದಳು, ಹಾಕುವ ಅಗತ್ಯ ಬರಲಿಲ್ಲ. ಅಳುತ್ತಿದ್ದಳು, ಆದರೆ ಕೂತಲ್ಲಿಂದ ಅಲುಗಿರಲಿಲ್ಲ. ಗಡಿಯಾರ ನೋಡಿದ್ದು ಅಮ್ಮ. "ಆರೂ ಹತ್ತಕ್ಕೆ ಶುರುವಾಯ್ತು ಕಣೋ, ದೊಡ್ಡ ಮುಳ್ಳು ಎರಡು ಗೀಟೂ ದಾಟಿರ್ಲಿಲ್ಲ, ನಿಂತೋಯ್ತು" ಅಂದರು. ಅವರಿಗೆ ಅಕ್ಷರ ಬರುವುದಿಲ್ಲ. ಗಂಟೆ ನೋಡಲು ಬರುತ್ತದೆ.

ಆದರೂ ಅವತ್ತೇ ಆಸ್ಪತ್ರೆಗೆ ಹೋದೆವು. ಫಿಟ್ಸ್ ನಿಂತಿತು ಅಂತ ಜ್ವರದ ಕಾರಣ ಹುಡುಕದೇ ಬಿಡುವ ಹಾಗಿಲ್ಲ. ಈ ಸಲ ಕಿವಿಯಲ್ಲಿ ಸೋಂಕು ಇತ್ತು. ಡಾಕ್ಟರ್ ಎಷ್ಟು ಹೊತ್ತು ಅಂತ ಕೇಳಿದಾಗ ಅಮ್ಮನೇ ಮುಂದೆ ಬಂದು ಹೇಳಿದರು.

ಈಗ ಅವನಿಗೆ ಮೂರು ತುಂಬಿದೆ. ಹಿಮೋಗ್ಲೋಬಿನ್ 11 ದಾಟಿದೆ. ಎರಡನೆಯದಾದ ಮೇಲೆ ಮೂರು ಸಲ ಜ್ವರ ಬಂದು ಹೋಗಿದೆ, ಫಿಟ್ಸ್ ಬಂದಿಲ್ಲ. ಫ್ರಿಜ್ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದೇವೆ: ತೂಕ, ಪ್ಯಾರಾಸಿಟಮಾಲ್ ಎಷ್ಟು, ಸ್ಪ್ರೇ ಎಷ್ಟು, 108. ಉಸಿರು ಕಟ್ಟಿದಂತಾದರೆ, ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಎಚ್ಚರವಾಗದಿದ್ದರೆ, ಜ್ವರವಿಲ್ಲದೇ ಬಂದರೆ ಕಾಯಬೇಡಿ ಅಂತ ದಪ್ಪಕ್ಷರದಲ್ಲಿದೆ. ತೂಕದ ಜಾಗದಲ್ಲಿ 10 ಹೊಡೆದು 11.5, ಅದನ್ನು ಹೊಡೆದು 13 ಅಂತ ಬರೆದಿದ್ದೇವೆ. ತೂಕ ಬದಲಾದಾಗಲೆಲ್ಲ ಡೋಸ್ ಕೇಳಿಕೊಂಡು ಬಂದು ತಿದ್ದುತ್ತೇವೆ.

ಕಳೆದ ತಿಂಗಳು ಅಂಗನವಾಡಿಗೆ ಸೇರಿಸಿದೆವು. ಆ ಕಾಗದದ ಒಂದು ಪ್ರತಿಯನ್ನೂ ಇನ್ನೊಂದು ಸ್ಪ್ರೇಯನ್ನೂ ಮೇಡಂ ಕೈಗೆ ಕೊಟ್ಟೆ. ಅವರು ಕಾಗದವನ್ನು ಮೇಲಿಂದ ಕೆಳಗೆ ಜೋರಾಗಿ ಓದಿದರು. ಸಹಾಯಕಿಗೂ ಓದಿ ಹೇಳಿದರು. ಸ್ಪ್ರೇಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗದ ಕೈ ಎಲ್ಲಿರುತ್ತದೆ ಅಂತ ತೋರಿಸಿದರು. ಆಮೇಲೆ ಮೂವರೂ ಗೋಡೆ ಕಡೆ ನೋಡಿದೆವು. ಗಡಿಯಾರ ಹನ್ನೊಂದೂ ಇಪ್ಪತ್ತಕ್ಕೆ ನಿಂತಿತ್ತು. ಸಂಜೆ ಮಗುವನ್ನು ಕರೆದುಕೊಂಡು ಬರಲು ಹೋದಾಗ ಒಂದು ಸೆಲ್ ತೆಗೆದುಕೊಂಡು ಹೋಗಿ ಹಾಕಿದೆ.